ವಯಸ್ಸಾದ ತಂಡ, ದುಬಾರಿ ಸಂಬಳ: ಫಿಲ್ಲೀಸ್ ಅಭಿಮಾನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಡೆಲ್ಫಿಯಾ ಫಿಲ್ಲೀಸ್ ಬೇಸ್‌ಬಾಲ್ ತಂಡದ ಬಗ್ಗೆ ನಾನು ಗೊಣಗುವುದನ್ನು ಕೇಳುವವರಲ್ಲಿ ಎರಡು ಬಗೆ. ಆಟದ ಗಂಧವೇ ಇಲ್ಲದೆ, ಇವನಿಗೇನಾಯ್ತು ಅಂತ ವಿಚಾರಿಸುವ ಊರಿನ ನೆಂಟರು ಒಂದು ಕಡೆ. ಇಲ್ಲೇ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿದ್ದು, ಮಕ್ಕಳ ದೆಸೆಯಿಂದ ಆಟ ಹಚ್ಚಿಕೊಂಡ ಕನ್ನಡದ ಗೆಳೆಯರು ಇನ್ನೊಂದು ಕಡೆ. ಇಬ್ಬರೂ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಹೆಚ್ಚಿನ ಮಾತು 2012ರಿಂದ 2016ರವರೆಗಿನ ತಂಡದ್ದು.

## ಆಟ ಹೊಸದಾದವರಿಗೆ

ಫಿಲ್ಲೀಸ್ ಅಂದ್ರೆ ಯಾವ ತಂಡ? ಅಷ್ಟೊಂದು ದೊಡ್ಡದಾ?

ಹಳೇದಂತೂ ಹೌದು. 1883ರಿಂದ ಫಿಲಡೆಲ್ಫಿಯಾದಲ್ಲೇ ಇದೆ. ದೊಡ್ಡದು ಅನ್ನೋಕೆ ಸ್ವಲ್ಪ ಸಂಕೋಚ. ಇಷ್ಟು ವರ್ಷದಲ್ಲಿ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಫೈನಲ್, ಗೆದ್ದಿದ್ದು ಎರಡೇ ಸಲ, 1980 ಮತ್ತು 2008. ಸೋಲಿನಲ್ಲಿ ಮಾತ್ರ ನಮ್ಮನ್ನು ಮೀರಿಸಿದವರಿಲ್ಲ. 2007ರ ಜುಲೈನಲ್ಲಿ ಒಟ್ಟು 10,000 ಪಂದ್ಯ ಸೋತ ಮೊದಲ ತಂಡ ಅನ್ನಿಸಿಕೊಂಡೆವು. ಬ್ರಾಡ್ ಸ್ಟ್ರೀಟ್ ಸಬ್‌ವೇ ಹತ್ತಿ ದಕ್ಷಿಣದ ಕೊನೇ ಸ್ಟೇಷನ್‌ನಲ್ಲಿ ಇಳಿದರೆ ಸಿಟಿಜನ್ಸ್ ಬ್ಯಾಂಕ್ ಪಾರ್ಕ್, 2004ರಲ್ಲಿ ತೆರೆದ ಮೈದಾನ. ನಮ್ಮವರು ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದರೆ ಅಲ್ಲೊಂದು ದೊಡ್ಡ ಲಿಬರ್ಟಿ ಗಂಟೆ ದೀಪ ಹೊತ್ತಿಸಿಕೊಂಡು ತೂಗಾಡುತ್ತದೆ. ನಾನು ಹೇಳುವ ವರ್ಷಗಳಲ್ಲಿ ಅದಕ್ಕೆ ಕೆಲಸ ಕಮ್ಮಿ ಇತ್ತು.

ವರ್ಷಕ್ಕೆ 162 ಪಂದ್ಯ ಆಡ್ತಾರಂತೆ. ಒಂದೆರಡು ಸೋತ್ರೆ ಏನೀಗ?

ಒಂದೆರಡಾದರೆ ಏನೂ ಇಲ್ಲ. ಚಾಂಪಿಯನ್ ತಂಡವೂ 60 ಪಂದ್ಯ ಸೋಲುತ್ತದೆ. ತೊಂದರೆ ಬೇರೆ. ಕ್ರಿಕೆಟ್‌ನಲ್ಲಿ ಕೆಟ್ಟ ಪ್ರವಾಸ ಒಂದೂವರೆ ತಿಂಗಳಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಸಂಜೆ ಆಟ. ತಂಡ ಕೆಟ್ಟಿದ್ದರೆ ದಿನಾ ಸಂಜೆ ಊಟದ ಹೊತ್ತಿಗೆ ಬೇಜಾರು ಬಂದು ಕೂರುತ್ತದೆ. 2015ರಲ್ಲಿ ಫಿಲ್ಲೀಸ್ ಸೋತಿದ್ದು 99 ಪಂದ್ಯ.

ವಯಸ್ಸಾಯ್ತು ಅಂತೀರಿ. 33, 34 ಏನು ದೊಡ್ಡ ವಯಸ್ಸಾ?

ನಮಗೆ ನಿಮಗೆ ಅಲ್ಲ. ಆದರೆ ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದ ಚೆಂಡು ಪಿಚರ್ ಕೈಯಿಂದ ಬ್ಯಾಟರ್ ಹತ್ತಿರ ಬರೋದಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಸಾಕು. ಅಷ್ಟರಲ್ಲಿ ನೋಡಬೇಕು, ತೀರ್ಮಾನ ಮಾಡಬೇಕು, ಬೀಸಬೇಕು. ಕಣ್ಣು ಅಥವಾ ಮಣಿಕಟ್ಟು ಒಂದು ಚೂರು ತಡವಾದರೆ ಹೋಮ್‌ರನ್ ಆಗಬೇಕಿದ್ದು ಕ್ಯಾಚ್ ಆಗುತ್ತದೆ. ಬಹುಪಾಲು ಬ್ಯಾಟರ್‌ಗಳ ಒಳ್ಳೇ ಕಾಲ 26ರಿಂದ 29. ಮೂವತ್ತು ದಾಟಿದ ಮೇಲೆ ಮೊದಲು ಕಾಲು ನಿಧಾನವಾಗುತ್ತದೆ, ಆಮೇಲೆ ಬ್ಯಾಟು.

ಫಿಲ್ಲೀಸ್ ವಿಷಯದಲ್ಲಿ ಇನ್ನೊಂದು ತಾಪತ್ರಯ ಇತ್ತು. ಪಿಚರ್ ರಾಯ್ ಹ್ಯಾಲಡೇ ಹುಟ್ಟಿದ್ದು 1977ರಲ್ಲಿ. ಕ್ಲಿಫ್ ಲೀ, ಜಿಮ್ಮಿ ರಾಲಿನ್ಸ್, ಚೇಸ್ ಅಟ್ಲಿ ಮೂವರೂ 1978. ಕಾರ್ಲೊಸ್ ರುಯಿಜ್, ರಯಾನ್ ಹೊವಾರ್ಡ್ 1979. ಒಂದೇ ಹೈಸ್ಕೂಲಿನ ಆಚೀಚೆ ಬ್ಯಾಚಿನ ಹುಡುಗರ ಹಾಗೆ. ಒಟ್ಟಿಗೆ ಮೇಲೆ ಬಂದರು, ಒಟ್ಟಿಗೆ ಮೊಣಕಾಲು ಹಿಡಿದುಕೊಂಡು ಕೂತರು.

ಒಂದು ಕಾಲಕ್ಕೆ ಚೆನ್ನಾಗಿ ಆಡ್ತಿದ್ರು ಅಂತೀರಲ್ಲ, ಎಷ್ಟು ಚೆನ್ನಾಗಿ?

2007ರಿಂದ 2011ರವರೆಗೆ ಐದು ವರ್ಷ ಸತತವಾಗಿ ತಮ್ಮ ಡಿವಿಷನ್‌ನಲ್ಲಿ ಮೊದಲ ಸ್ಥಾನ. 2008ರಲ್ಲಿ ವರ್ಲ್ಡ್ ಸೀರೀಸ್. 2009ರಲ್ಲಿ ಮತ್ತೆ ಅಲ್ಲಿಗೆ ಹೋಗಿ ಯಾಂಕೀಸ್ ಕೈಲಿ ಸೋಲು. 2010ರ ಮೇನಲ್ಲಿ ಹ್ಯಾಲಡೇ ಪರ್ಫೆಕ್ಟ್ ಗೇಮ್ ಎಸೆದ. ಅಂದರೆ ಎದುರಾಳಿಯ 27 ಜನ ಬಂದು 27 ಜನವೂ ಔಟ್, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಅದೇ ಅಕ್ಟೋಬರ್‌ನಲ್ಲಿ, ತನ್ನ ಜೀವನದ ಮೊದಲ ಪ್ಲೇಆಫ್ ಪಂದ್ಯದಲ್ಲಿ, ಒಂದೂ ಹಿಟ್ ಕೊಡಲಿಲ್ಲ, ಅಂದರೆ ಯಾರೂ ಚೆಂಡು ಹೊಡೆದು ಬೇಸ್ ಸೇರಲು ಬಿಡಲಿಲ್ಲ. 2011ರಲ್ಲಿ ಹ್ಯಾಲಡೇ, ಲೀ, ಕೋಲ್ ಹ್ಯಾಮಲ್ಸ್, ರಾಯ್ ಓಸ್ವಾಲ್ಟ್ ಈ ನಾಲ್ವರು ಪಿಚರ್‌ಗಳನ್ನೂ ಇಟ್ಟುಕೊಂಡು 102 ಪಂದ್ಯ ಗೆದ್ದರು. ಈ ತಂಡದ ಚರಿತ್ರೆಯಲ್ಲೇ ಅಷ್ಟು ಯಾವತ್ತೂ ಗೆದ್ದಿರಲಿಲ್ಲ. 2009ರ ಬೇಸಿಗೆಯಿಂದ 2012ರ ಆಗಸ್ಟ್‌ವರೆಗೆ ಪ್ರತಿ ಪಂದ್ಯಕ್ಕೂ ಟಿಕೆಟ್ ಪೂರ್ತಿ ಖಾಲಿ. ಕೆಳಗೆ ಬರೆದಿರುವ ಸಿಟ್ಟೆಲ್ಲ ಆ ಮಟ್ಟದಿಂದ ಬಿದ್ದಿದ್ದಕ್ಕೆ.

ಸರಿ, ಕೆಟ್ಟಿದ್ದು ಯಾವತ್ತಿಂದ?

ತಾರೀಖು ಹೇಳಬಲ್ಲೆ. 2011ರ ಅಕ್ಟೋಬರ್ 7. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧ ಐದನೇ ಪಂದ್ಯ, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ನಮ್ಮ ಕಡೆ ಹ್ಯಾಲಡೇ, ಆ ಕಡೆ ಕ್ರಿಸ್ ಕಾರ್ಪೆಂಟರ್. ಇಬ್ಬರೂ ಹಿಂದೆ ಟೊರಾಂಟೊದಲ್ಲಿ ಜೊತೆಗೆ ಆಡಿದವರು, ಗೆಳೆಯರು. ಮೊದಲ ಬ್ಯಾಟರ್ ರಫಾಯೆಲ್ ಫರ್ಕಲ್ ಟ್ರಿಪಲ್ ಹೊಡೆದು ಮೂರನೇ ಬೇಸ್ ಸೇರಿದ, ಎರಡನೆಯವನು ಸ್ಕಿಪ್ ಶುಮೇಕರ್ ಡಬಲ್ ಹೊಡೆದು ಅವನಿಂದ ರನ್ ಮಾಡಿಸಿದ. ಒಂದು ರನ್. ಇಡೀ ಪಂದ್ಯದಲ್ಲಿ ಬಂದಿದ್ದು ಆ ಒಂದೇ ರನ್.

ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಬ್ಯಾಟಿಂಗ್‌ಗೆ ಹೊವಾರ್ಡ್. ಚೆಂಡು ಸೆಕೆಂಡ್ ಬೇಸ್ ಕಡೆ ಉರುಳಿತು. ಓಡೋಕೆ ಅಂತ ಹೆಜ್ಜೆ ಕಿತ್ತವನು ಕೆಲವೇ ಹೆಜ್ಜೆಗೆ ಕುಸಿದ. ಎಡಗಾಲಿನ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಕಾರ್ಡಿನಲ್ಸ್ ಆಟಗಾರರು ನಡು ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ, ನಮ್ಮ ದೈತ್ಯ ಮೊದಲ ಬೇಸಿನ ಗೆರೆ ಹತ್ತಿರ ನೆಲದ ಮೇಲೆ ಕೂತಿದ್ದಾನೆ. ಅವನ 12.5 ಕೋಟಿ ಡಾಲರ್ ಒಪ್ಪಂದ ಆಗ ಇನ್ನೂ ಶುರುವೇ ಆಗಿರಲಿಲ್ಲ. ಮುಂದಿನ ಸೀಸನ್‌ಗೆ ಶುರು.

## ದುಡ್ಡಿನ ಲೆಕ್ಕ

ಹೊವಾರ್ಡ್ ಒಪ್ಪಂದ, ಹೊವಾರ್ಡ್ ಒಪ್ಪಂದ ಅಂತ ಎಲ್ಲರೂ ಅದನ್ನೇ ಹೇಳ್ತಾರೆ. ಏನದು?

ರಯಾನ್ ಹೊವಾರ್ಡ್ ಎಡಗೈ ಬ್ಯಾಟರ್, ಫೀಲ್ಡಿಂಗ್‌ನಲ್ಲಿ ಮೊದಲ ಬೇಸ್ ಕಾಯುವವನು, ಆಳು ಬೆಟ್ಟ. 2006ರಲ್ಲಿ 58 ಹೋಮ್‌ರನ್ ಹೊಡೆದು ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಮುಂದಿನ ಮೂರು ವರ್ಷ 47, 48, 45. ಇವನಿಲ್ಲದೆ 2008ರ ಕಪ್ ಇಲ್ಲ, ಅದರಲ್ಲಿ ಎರಡು ಮಾತಿಲ್ಲ.

2010ರ ಏಪ್ರಿಲ್‌ನಲ್ಲಿ ತಂಡ ಅವನಿಗೆ ಐದು ವರ್ಷಕ್ಕೆ 12.5 ಕೋಟಿ ಡಾಲರ್ ಬರೆದುಕೊಟ್ಟಿತು. ನೋಡಬೇಕಾದ್ದು ಮೊತ್ತ ಅಲ್ಲ, ತಾರೀಖು. ಹಳೇ ಒಪ್ಪಂದವೇ 2011ರ ಕೊನೆಯವರೆಗೆ ಇತ್ತು. ಅಂದರೆ ಅವಸರವೇ ಇರಲಿಲ್ಲ. ಹೆಚ್ಚುಕಡಿಮೆ ಎರಡು ಸೀಸನ್ ಮುಂಚೆಯೇ, ಅವನ 32ರಿಂದ 36ನೇ ವಯಸ್ಸಿನ ಆಟವನ್ನು, 29ರ ವಯಸ್ಸಿನ ಆಟ ನೋಡಿ ಕೊಂಡುಕೊಂಡರು. ಮೊದಲೆರಡು ವರ್ಷ ತಲಾ 2 ಕೋಟಿ, ಆಮೇಲಿನ ಮೂರು ವರ್ಷ ತಲಾ 2.5 ಕೋಟಿ. ವಯಸ್ಸು ಏರಿದ ಹಾಗೆ ಸಂಬಳವೂ ಏರುವ ಏರ್ಪಾಟು. ಉಳಿದ 1 ಕೋಟಿ ಯಾವುದಕ್ಕೆ ಗೊತ್ತಾ? 2017ಕ್ಕೆ ನೀನು ಬೇಡ ಅಂತ ಹೇಳುವುದಕ್ಕೆ.

ತಂಡದ ಪರ ವಾದ ಒಂದಿದೆ. 2011ರ ಸೀಸನ್ ಮುಗಿದ ಮೇಲೆ ಮೊದಲ ಬೇಸಿನವರ ಬೆಲೆ ಗಗನಕ್ಕೇರಿತು. ಆಲ್ಬರ್ಟ್ ಪೂಹೋಲ್ಸ್‌ಗೆ ಏಂಜಲ್ಸ್ 24 ಕೋಟಿ ಕೊಟ್ಟರು, ಪ್ರಿನ್ಸ್ ಫೀಲ್ಡರ್‌ಗೆ ಟೈಗರ್ಸ್ 21.4 ಕೋಟಿ. ಕಾದಿದ್ದರೆ ಹೊವಾರ್ಡ್ ಇನ್ನೂ ದುಬಾರಿಯಾಗುತ್ತಿದ್ದ ಅಂತಾರೆ. ಆದರೆ ಕಾದಿದ್ದರೆ ಅವನು ಮಾರುಕಟ್ಟೆಗೆ ಬರುತ್ತಿದ್ದಿದ್ದು ಹರಿದ ಹಿಮ್ಮಡಿಯೊಂದಿಗೆ! ಗಾಯ ಯಾರಿಗೂ ಗೊತ್ತಿರಲಿಲ್ಲ, ನಿಜ. ಕಾಯುವುದು ಅಂದರೆ ಅದಕ್ಕೇ ತಾನೆ, ಗೊತ್ತಿಲ್ಲದ್ದು ಗೊತ್ತಾಗಲಿ ಅಂತ.

ಗಾಯದ ಮೇಲೆ ಎಲ್ಲಾ ಹಾಕುವುದೂ ಸರಿಯಲ್ಲ. 2010ರಲ್ಲೇ ಹೋಮ್‌ರನ್ 31ಕ್ಕೆ ಇಳಿದಿತ್ತು. ಎದುರಾಳಿಗಳು ಮೂವರು ಫೀಲ್ಡರ್‌ಗಳನ್ನು ಮೈದಾನದ ಬಲಭಾಗಕ್ಕೆ ತಳ್ಳಿ, ಅವನು ಎಳೆದು ಹೊಡೆಯುವ ದಾರಿ ಮುಚ್ಚಿದ್ದರು. 2014ರಲ್ಲಿ ಗಾಯವಿಲ್ಲದೆ 153 ಪಂದ್ಯ ಆಡಿದ: 23 ಹೋಮ್‌ರನ್, 190 ಸ್ಟ್ರೈಕ್‌ಔಟ್ (ಚೆಂಡು ಆಡಲಾಗದೆ ಔಟ್ ಆಗುವುದು). 2016ರಲ್ಲಿ ಸರಾಸರಿ .196. ಇಲ್ಲಿ .200ಕ್ಕಿಂತ ಕೆಳಗೆ ಅಂದರೆ ತಂಡದಲ್ಲಿ ಜಾಗವೇ ಕಷ್ಟ.

ಆಡದಿದ್ರೆ ಕಿತ್ತುಹಾಕಬಹುದಲ್ವಾ? ಸುಮ್ನೆ ಸಂಬಳ ಯಾಕೆ?

ಕಿತ್ತುಹಾಕಬಹುದು, ಸಂಬಳ ನಿಲ್ಲಿಸೋಕಾಗಲ್ಲ. ಬೇಸ್‌ಬಾಲ್ ಒಪ್ಪಂದ ಪೂರ್ತಿ ಗ್ಯಾರಂಟಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹಾಗಿಲ್ಲ, ಅಲ್ಲಿ ದೊಡ್ಡ ಒಪ್ಪಂದದಲ್ಲೂ ಸ್ವಲ್ಪ ಭಾಗಕ್ಕೆ ಮಾತ್ರ ಗ್ಯಾರಂಟಿ. ಬೇರೆ ತಂಡಕ್ಕೆ ಕೊಟ್ಟುಬಿಡೋಣ ಅಂದರೂ ಇನ್ನೊಂದು ನಿಯಮ ಅಡ್ಡ. ಒಟ್ಟು ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಟ್ರೇಡ್ ಬೇಡ ಅನ್ನಬಹುದು. ರಾಲಿನ್ಸ್, ಅಟ್ಲಿಗೆ ಆ ಹಕ್ಕು ಬಂದಿತ್ತು. ಒಪ್ಪಿದರೂ, ಕೊಳ್ಳುವ ತಂಡ ಸಂಬಳದಲ್ಲಿ ಅರ್ಧವಾದರೂ ನೀವೇ ಕೊಡಿ ಅನ್ನುತ್ತದೆ. ಆಟಗಾರರ ಯೂನಿಯನ್ ಹೋರಾಡಿ ಪಡೆದ ಹಕ್ಕುಗಳಿವು. ನನಗೆ ಅದರ ಮೇಲೆ ಕೋಪವಿಲ್ಲ. ಸಹಿ ಹಾಕಿದವರಿಗೆ ನಿಯಮ ಗೊತ್ತಿತ್ತಲ್ಲ.

ಐಪಿಎಲ್ ಥರ ಹರಾಜು, ಪರ್ಸ್ ಅಂತೆಲ್ಲ ಇಲ್ವಾ?

ಇಲ್ಲ. ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್, ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು. ತಪ್ಪು ಮಾಡಿದರೂ ತಿದ್ದಿಕೊಳ್ಳಲು ಅವಕಾಶ ಬೇಗ ಸಿಗುತ್ತದೆ. 2008ರ ನಮ್ಮ ಆರ್‌ಸಿಬಿ ನೆನಪಿದೆಯಲ್ವಾ? ದ್ರಾವಿಡ್, ಕಾಲಿಸ್, ಕುಂಬ್ಳೆ ಇದ್ದ ತಂಡವನ್ನು ಟೆಸ್ಟ್ ಟೀಮ್ ಅಂತ ಆಡಿಕೊಂಡರು, ಎಂಟರಲ್ಲಿ ಏಳನೇ ಸ್ಥಾನ ಬಂತು. ಮರುವರ್ಷವೇ ಫೈನಲ್. ಅದರಲ್ಲಿ 38ರ ಕುಂಬ್ಳೆ 16 ರನ್‌ಗೆ 4 ವಿಕೆಟ್.

ಬೇಸ್‌ಬಾಲ್‌ನಲ್ಲಿ ಇರುವುದು ಐಷಾರಾಮಿ ತೆರಿಗೆ. ತಂಡದ ಒಟ್ಟು ಸಂಬಳಕ್ಕೆ ಒಂದು ಗೆರೆ ಇರುತ್ತದೆ, 2012ರಲ್ಲಿ ಅದು 17.8 ಕೋಟಿ ಡಾಲರ್. ದಾಟಿದರೆ ಮೇಲಿನದಕ್ಕೆ ದಂಡ. ಆ ವರ್ಷ ಯಾಂಕೀಸ್ ಬಿಟ್ಟರೆ ಅತಿ ಹೆಚ್ಚು ಸಂಬಳ ಕೊಡುತ್ತಿದ್ದಿದ್ದು ಫಿಲ್ಲೀಸ್. ಆದರೂ ಗೆರೆ ದಾಟಲಿಲ್ಲ. ಇದು ನನಗೆ ಜಾಸ್ತಿ ಉರಿಸಿದ ಸಂಗತಿ. ಗೆರೆಯ ತುದಿಗೆ ಬಂದು ನಿಂತರು. ಹಳಬರ ಸಂಬಳಕ್ಕೇ ಎಲ್ಲ ಹೋಗಿ, ತೂತು ಮುಚ್ಚಲು ಬೇಕಾದ ಹೊಸಬರಿಗೆ ಜಾಗ ಉಳಿಯಲಿಲ್ಲ.

ದುಡ್ಡು ಮಾಲೀಕರದ್ದು. ನಿಮಗ್ಯಾಕೆ ಹೊಟ್ಟೆ ಉರಿ?

ದುಡ್ಡಿಗಲ್ಲ. ದುಡ್ಡು ವಾಪಸ್ ಬರುತ್ತದೆ. 2014ರ ಜನವರಿಯಲ್ಲಿ ಫಿಲ್ಲೀಸ್ ಟಿವಿ ಹಕ್ಕು 25 ವರ್ಷಕ್ಕೆ 250 ಕೋಟಿ ಡಾಲರ್‌ಗೆ ಹೋಯಿತು ಅಂತ ಪತ್ರಿಕೆಗಳು ಬರೆದವು. ಹೊವಾರ್ಡ್‌ಗೆ ಕೊಟ್ಟಿದ್ದು ಅದರಲ್ಲಿ ಇಪ್ಪತ್ತನೇ ಒಂದು ಭಾಗ.

ವಾಪಸ್ ಬಾರದಿದ್ದು ಹುಡುಗರು. ಆಗಿನ ನಿಯಮದ ಪ್ರಕಾರ ಬೇರೆ ತಂಡದ ಮೇಲುದರ್ಜೆಯ ಫ್ರೀ ಏಜೆಂಟ್‌ನನ್ನು (ಒಪ್ಪಂದ ಮುಗಿದ ಆಟಗಾರನನ್ನು) ತಂದರೆ ಡ್ರಾಫ್ಟ್‌ನ ಮೊದಲ ಆಯ್ಕೆ ಬಿಟ್ಟುಕೊಡಬೇಕಿತ್ತು. ರೌಲ್ ಇಬಾನ್ಯೆಸ್‌ಗೆ ಒಂದು ಹೋಯಿತು, ಕ್ಲಿಫ್ ಲೀಗೆ ಒಂದು, ಜೊನಾಥನ್ ಪ್ಯಾಪಲ್‌ಬಾನ್‌ಗೆ ಒಂದು. ಡ್ರಾಫ್ಟ್ ಅಂದರೆ ಶಾಲೆ ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವ ದಿನ. ಇರುವ ಹುಡುಗರೂ ಟ್ರೇಡ್‌ನಲ್ಲಿ ಖಾಲಿಯಾದರು. ಹ್ಯಾಲಡೇ ತರಲು ಮೂವರು, ಓಸ್ವಾಲ್ಟ್‌ಗೆ ಮೂವರು, ಹಂಟರ್ ಪೆನ್ಸ್‌ಗೆ ನಾಲ್ವರು. ಒಂದೊಂದನ್ನೇ ನೋಡಿದರೆ ಯಾವುದೂ ಕೆಟ್ಟ ತೀರ್ಮಾನ ಅನ್ನಿಸುವುದಿಲ್ಲ. ಹ್ಯಾಲಡೇಗಾಗಿ ನಾನೇ ಹತ್ತು ಜನರನ್ನು ಕೊಡುತ್ತಿದ್ದೆ. ಆದರೆ ಮೇಲಿನವರು ಒಟ್ಟಿಗೆ ಮುದುಕರಾದಾಗ ಕೆಳಗೆ ಯಾರೂ ಇರಲಿಲ್ಲ. 12.5 ಕೋಟಿಯಲ್ಲಿ ಕೊಂಡಿದ್ದು ಒಬ್ಬ ಆಟಗಾರನನ್ನು ಮಾತ್ರ ಅಲ್ಲ, ಮೊದಲ ಬೇಸಿನಲ್ಲಿ ಐದು ವರ್ಷ ಬೇರೆ ಯಾರನ್ನೂ ನಿಲ್ಲಿಸೋಲ್ಲ ಅನ್ನುವ ಹಟವನ್ನೂ.

ಹಾಗಾದ್ರೆ ಮೂವತ್ತು ದಾಟಿದವರಿಗೆ ದುಡ್ಡು ಕೊಟ್ಟಿದ್ದೆಲ್ಲ ದಂಡವಾ?

ಅಲ್ಲ. ಕ್ಲಿಫ್ ಲೀ 32ನೇ ವಯಸ್ಸಿನಲ್ಲಿ ಐದು ವರ್ಷಕ್ಕೆ 12 ಕೋಟಿಗೆ ಬಂದ, ಮೂರು ವರ್ಷ ಅದ್ಭುತವಾಗಿ ಎಸೆದ. 2012ರಲ್ಲಿ ಅವನಿಗೆ ಮೊದಲ ಗೆಲುವು ಸಿಕ್ಕಿದ್ದು ಜುಲೈ 4ಕ್ಕೆ! ತಪ್ಪು ಅವನದ್ದಲ್ಲ, ಅವನು ಎಸೆಯುವ ದಿನ ನಮ್ಮವರು ರನ್ ಹೊಡೆಯುತ್ತಿರಲಿಲ್ಲ. 2014ರಲ್ಲಿ ಮೊಣಕೈ ಕೆಟ್ಟು, ಆಮೇಲೆ ಆಡಲೇ ಇಲ್ಲ. ಪಿಚರ್‌ಗಳ ಕಥೆಯೇ ಅಷ್ಟು, ನಿಧಾನವಾಗಿ ಇಳಿಯುವುದಿಲ್ಲ, ಒಂದೇ ಸಲ ಮುರಿಯುತ್ತಾರೆ. ಹ್ಯಾಲಡೇ ಲೆಕ್ಕ ನೋಡಿ, ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ 2011ರಲ್ಲಿ 2.35, 2012ರಲ್ಲಿ 4.49, 2013ರಲ್ಲಿ 6.82. ಆ ಡಿಸೆಂಬರ್‌ನಲ್ಲಿ ಆಟ ಬಿಟ್ಟ.

ನಿಜವಾದ ದಂಡ ಅಂದರೆ ಪ್ಯಾಪಲ್‌ಬಾನ್‌ಗೆ ನಾಲ್ಕು ವರ್ಷಕ್ಕೆ 5 ಕೋಟಿ. ಅವನು ಕೆಟ್ಟದಾಗೇನೂ ಆಡಲಿಲ್ಲ. ಗೆಲ್ಲುವ ಪಂದ್ಯದ ಕೊನೇ ಇನ್ನಿಂಗ್ಸ್ ಎಸೆಯುವುದು ಅವನ ಕೆಲಸ. ಗೆಲ್ಲುವ ಪಂದ್ಯವೇ ಇಲ್ಲದ ತಂಡಕ್ಕೆ ಅವನ್ಯಾಕೆ?

## ಸಿಟ್ಟು, ನಿಷ್ಠೆ, ಮುಂದೇನು

ಫಿಲಡೆಲ್ಫಿಯಾದವರು ತಮ್ಮ ಆಟಗಾರರಿಗೇ ಬೂ ಅಂತಾರಂತೆ. ನೀವೂ ಕೂಗ್ತೀರಾ?

ಓಡದೆ ನಿಂತವನಿಗೆ ಕೂಗಲಿ, ತಪ್ಪಿಲ್ಲ. ವಯಸ್ಸಾದವನಿಗೆ ಕೂಗುವುದು ನನಗೆ ಹಿಡಿಸುವುದಿಲ್ಲ. 2016ರ ಜೂನ್‌ನಲ್ಲಿ ಪಂದ್ಯ ಸೋತು ಒಳಗೆ ಹೋಗುತ್ತಿದ್ದ ಹೊವಾರ್ಡ್ ಕಡೆ ಒಬ್ಬ ಬಿಯರ್ ಬಾಟಲಿ ಎಸೆದ. ಎಂಟು ವರ್ಷ ಹಿಂದೆ ಇದೇ ಊರು ಬ್ರಾಡ್ ಸ್ಟ್ರೀಟ್ ತುಂಬ ನಿಂತು ಅವನಿಗೆ ಜೈಕಾರ ಹಾಕಿತ್ತು. ಕೇಳಿದಷ್ಟು ದುಡ್ಡು ಕೊಡುತ್ತೇವೆ ಅಂದರೆ ಯಾರು ಬೇಡ ಅಂತಾರೆ? ನೀವು ಅಂತೀರಾ? ಬೂ ಅನ್ನಬೇಕಾದ್ದು ಮೇಲಿನ ಗಾಜಿನ ಕೋಣೆಯಲ್ಲಿ ಕೂತವರಿಗೆ. ಅವರಿಗೆ ಕೇಳಿಸುವುದಿಲ್ಲ ಅನ್ನುವುದೇ ತೊಂದರೆ.

ಕೋಚ್ ಬದಲಾಯಿಸಿ ನೋಡಲಿಲ್ವಾ?

ಬೇಸ್‌ಬಾಲ್‌ನಲ್ಲಿ ಅವರನ್ನು ಮ್ಯಾನೇಜರ್ ಅಂತಾರೆ. ಬದಲಾಯಿಸಿದರು. ಕಪ್ ಗೆದ್ದುಕೊಟ್ಟ ಚಾರ್ಲಿ ಮ್ಯಾನ್ಯುಯಲ್ 2013ರ ಆಗಸ್ಟ್ 12ಕ್ಕೆ ತಮ್ಮ 1,000ನೇ ಗೆಲುವು ಕಂಡರು, ಅದೇ ವಾರ ಕೆಲಸ ಹೋಯಿತು. ನಂತರ ಬಂದ ರೈನ್ ಸ್ಯಾಂಡ್‌ಬರ್ಗ್ 2015ರ ಜೂನ್‌ನಲ್ಲಿ ತಾವೇ ಬಿಟ್ಟು ಹೋದರು. 2013ರಲ್ಲಿ 73 ಗೆಲುವು, 2014ರಲ್ಲೂ 73, 2015ರಲ್ಲಿ 63. ಈ ಆಟಗಾರರನ್ನು ಆರಿಸಿದ ಜನರಲ್ ಮ್ಯಾನೇಜರ್ ರೂಬೆನ್ ಅಮಾರೊ ಜೂನಿಯರ್ ಹೋಗಿದ್ದು ಎಲ್ಲರಿಗಿಂತ ಕೊನೆಗೆ, 2015ರ ಸೆಪ್ಟೆಂಬರ್‌ನಲ್ಲಿ.

ಬೇಗ ಮಾರಿಬಿಡಬೇಕಿತ್ತು ಅಂತೀರಾ? ಯಾವಾಗ?

2012ರ ಜುಲೈ 31ಕ್ಕೆ ಅರ್ಧ ಮಾರಿದರು. ಪೆನ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ, ಶೇನ್ ವಿಕ್ಟೊರಿನೊ ಲಾಸ್ ಏಂಜಲೀಸ್‌ಗೆ. ಸರಿಯಾದ ದಾರಿಯೇ. ಆದರೆ ಅದಕ್ಕೆ ಒಂದು ವಾರ ಮುಂಚೆ ಹ್ಯಾಮಲ್ಸ್‌ಗೆ 14.4 ಕೋಟಿ ಬರೆದುಕೊಟ್ಟಿದ್ದರು. ಅಂದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮುಂದೆ 2013, 2014 ಎರಡು ವರ್ಷ ಸುಮ್ನೆ ಹೋಯಿತು. ಈ ಎರಡು ವರ್ಷಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಲೀ ಇನ್ನೂ ಚೆನ್ನಾಗಿದ್ದ, ಅಟ್ಲಿಯ ಮೊಣಕಾಲು ಒಂದಿಷ್ಟು ಸುಧಾರಿಸಿತ್ತು, ಕೊಳ್ಳುವವರು ಇದ್ದರು. ಬದಲಿಗೆ 2013ರ ಕೊನೆಗೆ, 35 ತುಂಬುವುದರಲ್ಲಿದ್ದ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ರುಯಿಜ್‌ಗೆ ಇನ್ನೂ ಮೂರು ವರ್ಷ ಕೊಟ್ಟರು. ಎಲ್ಲರಿಗೂ ರುಯಿಜ್ ಅಂದರೆ ಪ್ರೀತಿ, ನನಗೂ. ಪ್ರೀತಿಗೆ ಸೀಸನ್ ಟಿಕೆಟ್ ಕೊಟ್ಟು ಕೂರಿಸಲಿ, ಬೆನ್ನು ಬಗ್ಗಿಸಿ ಕೂರುವ ಕೆಲಸ ಯಾಕೆ ಕೊಡಬೇಕು?

ಕೊನೆಗೂ ಮಾರಿದಾಗ ಏನಾಯಿತು ನೋಡಿ. ಹ್ಯಾಮಲ್ಸ್ 2015ರ ಜುಲೈ 25ಕ್ಕೆ ಷಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ. ಅದೇ ಫಿಲ್ಲೀಸ್‌ಗೆ ಅವನ ಕೊನೇ ಆಟ. ವಾರದೊಳಗೆ ಟೆಕ್ಸಸ್‌ಗೆ ಹೋದ. ಬದಲಿಗೆ ಬಂದವರಲ್ಲಿ ಹೊರ್ಹೆ ಅಲ್ಫಾರೊ ಅನ್ನುವ ಕ್ಯಾಚರ್ ಇದ್ದ. 2019ರಲ್ಲಿ ಅವನನ್ನೂ ಇನ್ನಿಬ್ಬರನ್ನೂ ಮಯಾಮಿಗೆ ಕೊಟ್ಟು ಜೆ.ಟಿ. ರಿಯಲ್‌ಮ್ಯೂಟೊನನ್ನು ತಂದರು. 2022ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯವನ್ನು ಹತ್ತನೇ ಇನ್ನಿಂಗ್ಸ್‌ನಲ್ಲಿ ಹೋಮ್‌ರನ್ ಹೊಡೆದು ಗೆಲ್ಲಿಸಿದ್ದು ಇದೇ ರಿಯಲ್‌ಮ್ಯೂಟೊ. ಆಟಗಾರ ಇನ್ನೂ ಚೆನ್ನಾಗಿದ್ದಾಗ ಕೊಟ್ಟರೆ ಏಳು ವರ್ಷ ಆದಮೇಲಾದರೂ ಫಲ ಸಿಗುತ್ತದೆ. ಹೊವಾರ್ಡ್‌ನಿಂದ ಏನೂ ಸಿಗಲಿಲ್ಲ. ಕೊನೆಯವರೆಗೆ ಇಟ್ಟುಕೊಂಡು, ಸಮಾರಂಭ ಮಾಡಿ ಕಳಿಸಿದರು.

ಈಗಿನ ತಂಡಕ್ಕೂ ಅದೇ ಗತಿನಾ? ಹಾರ್ಪರ್, ಟರ್ನರ್ ಒಪ್ಪಂದ ನೋಡಿದ್ರೆ ಭಯ ಆಗುತ್ತೆ.

ಇತ್ತೀಚೆಗೆ ಜಾಸ್ತಿ ಬರುತ್ತಿರುವ ಪ್ರಶ್ನೆ ಇದೇ. ಭಯಕ್ಕೆ ಕಾರಣ ಇದೆ. ಬ್ರೈಸ್ ಹಾರ್ಪರ್‌ಗೆ 13 ವರ್ಷಕ್ಕೆ 33 ಕೋಟಿ, ಮುಗಿಯುವುದು 2031ರಲ್ಲಿ, ಆಗವನಿಗೆ 38. ಟ್ರೇ ಟರ್ನರ್‌ಗೆ 11 ವರ್ಷಕ್ಕೆ 30 ಕೋಟಿ, ಮುಗಿಯುವ ಹೊತ್ತಿಗೆ 40. ಪಿಚರ್ ಆರನ್ ನೋಲಾಗೆ 7 ವರ್ಷಕ್ಕೆ 17.2 ಕೋಟಿ, ಆಗ 37. ಟರ್ನರ್, ನೋಲಾ ಇಬ್ಬರೂ 1993ರ ಜೂನ್‌ನಲ್ಲಿ ಹುಟ್ಟಿದವರು, ಹಾರ್ಪರ್ ಅದಕ್ಕೆ ಎಂಟು ತಿಂಗಳು ಮುಂಚೆ. ಮತ್ತೆ ಒಂದೇ ವಯಸ್ಸಿನವರು. ಅಕ್ಟೋಬರ್ ಸಾಲು ಕೂಡ ಅದೇ ಥರ ಇಳಿಯುತ್ತಾ ಬಂದಿದೆ: 2022ರಲ್ಲಿ ವರ್ಲ್ಡ್ ಸೀರೀಸ್‌ನಲ್ಲಿ ಸೋಲು, 2023ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, 2024 ಮತ್ತು 2025ರಲ್ಲಿ ಇನ್ನೊಂದು ಮೆಟ್ಟಿಲು ಕೆಳಗೆ.

ಆದರೂ ಪೂರ್ತಿ ಒಂದೇ ಅಲ್ಲ. 2022ರಿಂದ ಫಿಲ್ಲೀಸ್ ಆಡುವ ನ್ಯಾಷನಲ್ ಲೀಗಿನಲ್ಲೂ ಬ್ಯಾಟಿಂಗ್ ಮಾತ್ರ ಮಾಡುವವನಿಗೆ ಜಾಗ ಇದೆ. ಹೊವಾರ್ಡ್ ಕಾಲದಲ್ಲಿ ಇರಲಿಲ್ಲ, ಕುಂಟುವ ಕಾಲಲ್ಲೇ ಫೀಲ್ಡಿಂಗ್ ಮಾಡಬೇಕಿತ್ತು. 2023ರಿಂದ ಫೀಲ್ಡರ್‌ಗಳನ್ನು ಒಂದೇ ಬದಿಗೆ ತಳ್ಳುವಂತಿಲ್ಲ. ಈ ಎರಡು ನಿಯಮ ಅವನಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಮಾಲೀಕರೂ ಈಗ ತೆರಿಗೆಯ ಗೆರೆ ನೋಡಿ ನಿಲ್ಲುವುದಿಲ್ಲ, 2022ರಲ್ಲಿ ಮೊದಲ ಸಲ ದಾಟಿದರು.

ಒಪ್ಪಂದ ಇಷ್ಟು ಉದ್ದ ಯಾಕೆ ಅನ್ನುವುದರಲ್ಲೂ ಲೆಕ್ಕ ಇದೆ. ತೆರಿಗೆಗೆ ನೋಡುವುದು ವರ್ಷದ ಸರಾಸರಿ. 33 ಕೋಟಿಯನ್ನು 13 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 2.54 ಕೋಟಿ. ಅದೇ ದುಡ್ಡು 8 ವರ್ಷಕ್ಕಾದರೆ 4 ಕೋಟಿ ದಾಟುತ್ತದೆ. ಹಾಗಾಗಿ ಕೊನೆಯ ವರ್ಷಗಳಲ್ಲಿ ಅವನು ಆಡದಿದ್ದರೂ ಪರವಾಗಿಲ್ಲ ಅಂತ ಗೊತ್ತಿದ್ದೇ ಸಹಿ ಹಾಕುತ್ತಾರೆ. ನನ್ನ ತಕರಾರು ಇಷ್ಟೇ: ಆ ವರ್ಷ ಬಂದಾಗ ಬೆಂಚಿನ ಮೇಲೆ ಕೂರಿಸುವ ಧೈರ್ಯ ಇರಬೇಕು. ಸಂಬಳ ಹೇಗೂ ಹೋಗಾಯ್ತು. 2.5 ಕೋಟಿ ಕೊಡ್ತಿದ್ದೀವಿ, ಆಡಿಸದಿದ್ದರೆ ಹೇಗೆ ಅನ್ನುವ ಮಾತು 2014ರಲ್ಲಿ ಕೇಳಿ ಸಾಕಾಗಿದೆ.

ಇಷ್ಟು ಬೇಜಾರಿದ್ರೆ ತಂಡ ಬದಲಾಯಿಸಿ. ಪಕ್ಕದಲ್ಲೇ ನ್ಯೂಯಾರ್ಕ್ ಇದೆಯಲ್ಲ?

ಯಾಂಕೀಸ್? 32 ವಯಸ್ಸಿನ ಅಲೆಕ್ಸ್ ರೊಡ್ರಿಗೆಸ್‌ಗೆ ಹತ್ತು ವರ್ಷಕ್ಕೆ 27.5 ಕೋಟಿ ಬರೆದುಕೊಟ್ಟು, 2016ರ ಆಗಸ್ಟ್‌ನಲ್ಲಿ ಮನೆಗೆ ಕಳಿಸಿ, 2017ರ ಸಂಬಳವನ್ನೂ ಕೊಟ್ಟವರು. ಮೆಟ್ಸ್? 2023ರಲ್ಲಿ 38ರ ಮ್ಯಾಕ್ಸ್ ಶರ್ಜರ್, 40ರ ಜಸ್ಟಿನ್ ವರ್ಲಾಂಡರ್ ಇಬ್ಬರಿಗೂ ವರ್ಷಕ್ಕೆ ತಲಾ 4.3 ಕೋಟಿ ಕೊಟ್ಟು, ಆಗಸ್ಟ್ ಶುರುವಾಗುವಷ್ಟರಲ್ಲಿ ಇಬ್ಬರನ್ನೂ ಕಳಿಸಿ, 75 ಪಂದ್ಯ ಗೆದ್ದರು. 2001ರಲ್ಲೇ ಆಟ ಬಿಟ್ಟ ಬಾಬಿ ಬೊನಿಯಾಗೆ ಪ್ರತಿ ವರ್ಷ ಜುಲೈ 1ಕ್ಕೆ ಸುಮಾರು 11.9 ಲಕ್ಷ ಡಾಲರ್ ಕೊಡುತ್ತಿರುವವರೂ ಅವರೇ. ಅದು 2035ರವರೆಗೆ ಇದೆ. ಅಲ್ಲಿಗೆ ಹೋಗಿ ಏನು ಮಾಡಲಿ?